ಪೆನ್ಸಿಲ್ ಮತ್ತು ಜಲವರ್ಣದ ಪ್ರಕೃತಿಚಿತ್ರ: ನೋಡುವ ಕ್ರಮ

ಪೆನ್ಸಿಲ್ ಗೆರೆಯ ಮೇಲೆ ತೆಳುವಾಗಿ ಜಲವರ್ಣ ಹರಿಸಿ ಬರೆದ ಹೂವಿನ, ಹಕ್ಕಿಯ ಅಥವಾ ಅಣಬೆಯ ಚಿತ್ರದ ಮುಂದೆ ನಾವು ಸಾಮಾನ್ಯವಾಗಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ‘ಎಷ್ಟು ನಾಜೂಕಾಗಿದೆ’ ಎಂದು ಮೆಚ್ಚಿ ಮುಂದಿನ ಚೌಕಟ್ಟಿಗೆ ಸಾಗುತ್ತೇವೆ. ದೊಡ್ಡ ತೈಲವರ್ಣಗಳು ಕೋಣೆಯ ಬಾಗಿಲಿನಿಂದಲೇ ಗಮನ ಸೆಳೆಯುತ್ತವೆ. ಪುಸ್ತಕದ ಹಾಳೆಯಷ್ಟಗಲದ ಈ ಚಿತ್ರಗಳಿಗೆ ಆ ಜೋರಿಲ್ಲ. ಆದರೆ ತೈಲವರ್ಣಕ್ಕಿಲ್ಲದ ಗುಣವೊಂದು ಇವುಗಳಿಗಿದೆ. ಎಣ್ಣೆಬಣ್ಣದಲ್ಲಿ ಸಾಮಾನ್ಯವಾಗಿ ಮೇಲಿನ ಪದರ ಕೆಳಗಿನದನ್ನು ಮುಚ್ಚಿಬಿಡುತ್ತದೆ. ಜಲವರ್ಣ ಪಾರದರ್ಶಕವಾದ್ದರಿಂದ ಕಾಗದ, ಗೆರೆ, ಮೊದಲ ಲೇಪ, ಎರಡನೆಯ ಲೇಪ ಎಲ್ಲವೂ ಒಂದರೊಳಗೊಂದು ಕಾಣುತ್ತಲೇ ಇರುತ್ತವೆ. ಹೀಗಾಗಿ ಚಿತ್ರ ಯಾವ ಕ್ರಮದಲ್ಲಿ ಮೂಡಿತೋ ಅದೇ ಕ್ರಮದಲ್ಲಿ ಅದನ್ನು ಓದಲು ಸಾಧ್ಯ. ಈ ಲೇಖನ ಸೂಚಿಸುವ ವಿಧಾನ ಇದೊಂದೇ: ಕಾಗದದಿಂದ ಆರಂಭಿಸಿ, ಪೆನ್ಸಿಲನ್ನು ಗಮನಿಸಿ, ಬಣ್ಣದ ಪದರಗಳನ್ನು ಒಂದೊಂದಾಗಿ ಬಿಡಿಸಿ, ಕಲಾವಿದರು ಎಲ್ಲಿ ಕೈ ನಿಲ್ಲಿಸಿದರು ಎಂಬಲ್ಲಿಗೆ ಬರುವುದು.

ವಿವರಣೆಗೆ ಎರಡು ಉದಾಹರಣೆಗಳನ್ನು ಇಟ್ಟುಕೊಳ್ಳೋಣ. ಮೊದಲನೆಯದು ಇಂಗ್ಲೆಂಡಿನ ಬೀಟ್ರಿಕ್ಸ್ ಪಾಟರ್ (1866–1943) ಅವರ ಅಣಬೆ ಚಿತ್ರಗಳು. ಮಕ್ಕಳ ಕಥೆಯ ಮೊಲದಿಂದ ಲೋಕಪ್ರಸಿದ್ಧರಾಗುವುದಕ್ಕೆ ಮೊದಲು ಅವರು ವರ್ಷಗಟ್ಟಲೆ ಅಣಬೆಗಳನ್ನು ಪೆನ್ಸಿಲ್ ಮತ್ತು ಜಲವರ್ಣದಲ್ಲಿ ದಾಖಲಿಸುತ್ತಿದ್ದರು. ಆ ಸಂಗ್ರಹದ ದೊಡ್ಡ ಭಾಗ ಇಂದು ಆಂಬಲ್‌ಸೈಡ್‌ನ ಆರ್ಮಿಟ್ ಸಂಗ್ರಹಾಲಯದಲ್ಲಿದೆ. ಎರಡನೆಯದಕ್ಕೆ ನಿರ್ದಿಷ್ಟ ಚಿತ್ರವೊಂದರ ಬದಲು ಮಳೆಗಾಲದಲ್ಲಿ ನಮ್ಮ ಬೇಲಿಗಳ ಮೇಲೆ ಅರಳುವ ಗೌರಿ ಹೂವನ್ನು, ಅಂದರೆ ಅಗ್ನಿಶಿಖೆಯನ್ನು, ತೆಗೆದುಕೊಳ್ಳುತ್ತೇನೆ. ಅದನ್ನು ಬರೆದ ಚಿತ್ರವೊಂದು ನಿಮ್ಮ ಮುಂದಿದೆ ಎಂದು ಭಾವಿಸಿಕೊಳ್ಳಿ. ಹೂವು ಎಲ್ಲರೂ ನೋಡಿದ್ದೇ ಆದ್ದರಿಂದ ಚಿತ್ರ ನಿಜ ಹೇಳುತ್ತಿದೆಯೇ ಎಂಬುದನ್ನು ಯಾರೂ ಪರೀಕ್ಷಿಸಬಹುದು.

ಮೊದಲು ಬೆಳಕು ಮತ್ತು ದೂರ

ಸಂಗ್ರಹಾಲಯಗಳಲ್ಲಿ ಕಾಗದದ ಮೇಲಿನ ಚಿತ್ರಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಪ್ರಮಾಣದ ಅಳತೆ) ಮಂದ ಬೆಳಕನ್ನು ಮಾತ್ರ ಬಿಡುತ್ತಾರೆ, ಏಕೆಂದರೆ ಜಲವರ್ಣದ ಹಲವು ಬಣ್ಣಗಳು ಬೆಳಕಿಗೆ ಮಾಸುತ್ತವೆ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಆ ಕೋಣೆ ಕತ್ತಲೆಯಂತೆಯೂ ಚಿತ್ರಗಳು ಸಪ್ಪೆಯಂತೆಯೂ ತೋರುವುದು ಸಹಜ. ಕೆಲವು ನಿಮಿಷ ಸುಮ್ಮನೆ ಕುಳಿತು ಕಣ್ಣು ಹೊಂದಿಕೊಂಡ ಮೇಲೆ ನೋಡಲು ತೊಡಗಿದರೆ, ಮೊದಲು ಕಾಣದಿದ್ದ ಅರ್ಧ ಡಜನ್ ಬೂದು ಛಾಯೆಗಳು ತಾವಾಗಿ ಬೇರೆಬೇರೆಯಾಗುತ್ತವೆ. ಮನೆಯಲ್ಲಿ ನೋಡುವುದಾದರೆ ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಒಳ್ಳೆಯ ಜಾಗ. ಹಳದಿ ಬಲ್ಬಿನ ಕೆಳಗೆ ಹಳದಿ ಮತ್ತು ಬಿಳಿ ಒಂದಾಗಿಬಿಡುತ್ತವೆ.

ಮೂರು ದೂರಗಳಿಂದ ನೋಡಿ. ತೋಳಿನಷ್ಟು ದೂರದಿಂದ ಇಡೀ ಹಾಳೆಯನ್ನು, ಅಂದರೆ ಆಕೃತಿ ಎಷ್ಟು ಜಾಗವನ್ನು ತೆಗೆದುಕೊಂಡಿದೆ ಮತ್ತು ಖಾಲಿ ಎಷ್ಟು ಉಳಿದಿದೆ ಎಂಬುದನ್ನು ಗಮನಿಸಿ. ನಂತರ ಒಂದು ಗೇಣಿನಷ್ಟು ಹತ್ತಿರ ಹೋಗಿ. ಈ ಚಿತ್ರಗಳನ್ನು ಬರೆದವರ ಕಣ್ಣು ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿತ್ತು. ಕೊನೆಗೆ ಭೂತಗನ್ನಡಿ. ಚೌಕಟ್ಟಿಲ್ಲದ ಚಿತ್ರ ಮೇಜಿನ ಮೇಲಿದ್ದರೆ ಬೆಳಕು ಪಕ್ಕದಿಂದ ಓರೆಯಾಗಿ ಬೀಳುವಂತೆ ಮಾಡಿಕೊಳ್ಳಿ. ಕಾಗದದ ಉಬ್ಬುತಗ್ಗು, ಅಳಿಸಿದ ಗೆರೆಯ ಕೊರಕಲು, ಚಾಕುವಿನಿಂದ ಕೆರೆದ ಗುರುತುಗಳು ಓರೆಬೆಳಕಿನಲ್ಲಿ ಮಾತ್ರ ಸ್ಪಷ್ಟವಾಗುತ್ತವೆ. ಮೂಲಚಿತ್ರದ ಹತ್ತಿರ ಟಿಪ್ಪಣಿ ಬರೆಯಲು ಪೆನ್ನು ಬೇಡ, ಪೆನ್ಸಿಲ್ ಸಾಕು. ಅದರ ಮೇಲೆ ಬಾಗಿಕೊಂಡು ಮಾತನಾಡುವುದೂ ಬೇಡ, ಉಗುಳಿನ ಒಂದು ಹನಿ ಸಾಕು ಬಣ್ಣ ಕದಡಲು.

ಪಕ್ಕದ ಫಲಕವನ್ನು ಕೊನೆಗೆ ಓದಿ. ಹೆಸರು, ಇಸವಿ, ಬೆಲೆ ತಿಳಿದುಕೊಂಡ ಕಣ್ಣು ತಾನು ಓದಿದ್ದನ್ನೇ ಚಿತ್ರದಲ್ಲಿ ಹುಡುಕತೊಡಗುತ್ತದೆ.

ಕಾಗದ

ಜಲವರ್ಣದಲ್ಲಿ ಬಿಳಿ ಎಂದರೆ ಬಹುಮಟ್ಟಿಗೆ ಕಾಗದವೇ. ಬೆಳಕು ಬಣ್ಣದ ತೆಳುಪದರವನ್ನು ಹಾದು ಕಾಗದಕ್ಕೆ ತಾಗಿ ಹಿಂದಿರುಗುವುದರಿಂದಲೇ ಆ ಬಣ್ಣಕ್ಕೆ ಒಳಗಿನಿಂದ ಬಂದಂಥ ಹೊಳಪು ಇರುತ್ತದೆ. ಆದ್ದರಿಂದ ಚಿತ್ರದ ಅತ್ಯಂತ ಬೆಳಗಿದ ಜಾಗ ಯಾವುದು, ಅಲ್ಲಿ ಬಣ್ಣವಿದೆಯೇ ಅಥವಾ ಬರೀ ಕಾಗದವೇ ಎಂಬ ಪ್ರಶ್ನೆಯಿಂದ ಆರಂಭಿಸಿ. ಬಳಿಕ ಕಾಗದದ ಮೈಯನ್ನು ನೋಡಿ. ಬಿಸಿ ಉರುಳೆಗಳ ನಡುವೆ ಒತ್ತಿ ನಯಗೊಳಿಸಿದ ‘ಹಾಟ್ ಪ್ರೆಸ್ಡ್’ ಕಾಗದ ಸೂಕ್ಷ್ಮ ಗೆರೆಗೆ ಅನುಕೂಲ. ತರಿತರಿಯಾದ ‘ಕೋಲ್ಡ್ ಪ್ರೆಸ್ಡ್’ ಕಾಗದದಲ್ಲಿ ಗೆರೆ ಉಬ್ಬುಗಳನ್ನಷ್ಟೇ ಮುಟ್ಟಿ ಸಾಗುತ್ತದೆ, ಬಣ್ಣ ತಗ್ಗುಗಳಲ್ಲಿ ನಿಲ್ಲುತ್ತದೆ. ಹದಿನೆಂಟನೇ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನ ಜೇಮ್ಸ್ ವಾಟ್‌ಮನ್ ಅಚ್ಚಿನ ತಂತಿಗಳ ಗೀರು ಮೂಡದ ಸಮಮೈಯ ಕಾಗದವನ್ನು ತಯಾರಿಸಿದ್ದು ಅಲ್ಲಿ ಜಲವರ್ಣ ಬೆಳೆಯಲು ಒಂದು ಕಾರಣವಾಯಿತು. ಕಾಗದದ ಬಗ್ಗೆ ಇಷ್ಟು ತಿಳಿದಿದ್ದರೆ ಸದ್ಯಕ್ಕೆ ಸಾಕು.

ಪೆನ್ಸಿಲ್ ಗೆರೆಯನ್ನು ಓದುವುದು

ನೋಡುಗರು ಅತಿ ಬೇಗ ದಾಟಿಹೋಗುವ ಮೆಟ್ಟಿಲು ಇದು. ಬಣ್ಣ ಕಣ್ಣನ್ನು ಎಳೆಯುವುದರಿಂದ ಗೆರೆಯನ್ನು ಬರೀ ಹಂದರವೆಂದು ಭಾವಿಸುತ್ತೇವೆ. ಆದರೆ ಚಿತ್ರದ ಬಹುಪಾಲು ತೀರ್ಮಾನಗಳು ಪೆನ್ಸಿಲಿನಲ್ಲೇ ಆಗಿರುತ್ತವೆ.

ಪೆನ್ಸಿಲಿಗೂ ಒಂದು ಇತಿಹಾಸವಿದೆ. ಇಂಗ್ಲೆಂಡಿನ ಕಂಬರ್‌ಲ್ಯಾಂಡ್ ಸೀಮೆಯ ಬಾರೋಡೇಲ್‌ನಲ್ಲಿ ಹದಿನಾರನೇ ಶತಮಾನದಲ್ಲಿ ಶುದ್ಧ ಗ್ರಾಫೈಟ್ ದೊರೆತ ಮೇಲೆಯೇ ಈ ಸಾಧನ ಬಳಕೆಗೆ ಬಂದದ್ದು. 1503ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಹುಲ್ಲು, ದಂಡೇಲಿಯನ್, ಅಗಲ ಎಲೆಯ ಕಳೆಗಳಿರುವ ಒಂದು ಹಿಡಿ ನೆಲವನ್ನು ಜಲವರ್ಣದಲ್ಲಿ ಬರೆದಾಗ ಅವರ ಕೈಯಲ್ಲಿ ಇಂಥ ಪೆನ್ಸಿಲ್ ಇರಲಿಲ್ಲ. ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿರುವ ಆ ಚಿತ್ರದ ಸೂಕ್ಷ್ಮ ಗೆರೆಗಳು ಕುಂಚ ಮತ್ತು ಲೇಖನಿಯವು. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟು ಗಡಸುತನವನ್ನು ಬೇಕಾದಂತೆ ಹೊಂದಿಸುವ ವಿಧಾನಕ್ಕೆ ಫ್ರಾನ್ಸಿನ ನಿಕೋಲಾ ಜಾಕ್ ಕಾಂಟೆ 1795ರಲ್ಲಿ ಹಕ್ಕುಪತ್ರ ಪಡೆದರು. ಇಂದಿನ ಎಚ್, ಎಚ್‌ಬಿ, ಬಿ ಶ್ರೇಣಿಗಳು ಆ ವಿಧಾನದ ಫಲ: ಎಚ್ ಗಡಸು, ಅದರ ಗೆರೆ ತಿಳಿಬೂದು, ಬಿ ಮೃದು, ಅದರ ಗೆರೆ ದಟ್ಟ.

ಚಿತ್ರದಲ್ಲಿ ಮೂರು ಬಗೆಯ ಗೆರೆಗಳನ್ನು ಬೇರ್ಪಡಿಸಲು ಪ್ರಯತ್ನಿಸಿ. ಮೊದಲನೆಯವು ಹುಡುಕುವ ಗೆರೆಗಳು. ಕಾಂಡ ಎತ್ತ ವಾಲಿದೆ, ಹೂವಿನ ಅಗಲ ಎಷ್ಟು ಎಂದು ಅಂದಾಜಿಸುತ್ತ ಕೈ ಹಗುರವಾಗಿ ಎಳೆದವು. ಸಾಮಾನ್ಯವಾಗಿ ಒಂದಕ್ಕೊಂದು ಸಮೀಪದಲ್ಲಿ ಎರಡು ಮೂರು ಇರುತ್ತವೆ. ಎರಡನೆಯವು ತೀರ್ಮಾನದ ಗೆರೆಗಳು: ಹುಡುಕಾಟದ ನಡುವೆ ಇದೇ ಸರಿ ಎಂದು ಸ್ವಲ್ಪ ಒತ್ತಿ ಎಳೆದವು. ಮೂರನೆಯವು ಬಣ್ಣ ಒಣಗಿದ ಮೇಲೆ ಎಲೆಯ ನರಕ್ಕೋ ನೆರಳಿನ ಅಂಚಿಗೋ ಮತ್ತೆ ಎಳೆದವು. ಎರಡನೆಯ ಮತ್ತು ಮೂರನೆಯ ಬಗೆಗಳ ವ್ಯತ್ಯಾಸವನ್ನು ಕಾಣಲು ತಲೆಯನ್ನು ಪಕ್ಕಕ್ಕೆ ಸರಿಸಿ ಓರೆಯಾಗಿ ನೋಡಿ. ಬಣ್ಣದ ಮೇಲೆ ಎಳೆದ ಗ್ರಾಫೈಟ್ ಲೋಹದಂತೆ ಮಿನುಗುತ್ತದೆ. ಬಣ್ಣದ ಅಡಿಯಲ್ಲಿರುವುದು ಮಂಕಾಗಿರುತ್ತದೆ. ಜಲವರ್ಣದಲ್ಲಿರುವ ಗೋಂದು ಒಣಗಿದಾಗ ಅಡಿಯ ಗೆರೆಯನ್ನು ಹಿಡಿದುಕೊಳ್ಳುವುದರಿಂದ ಆಮೇಲೆ ರಬ್ಬರಿನಿಂದ ಅದನ್ನು ಅಳಿಸುವುದು ಕಷ್ಟ. ಅಂದರೆ ಬಣ್ಣದ ಅಡಿಯಲ್ಲಿ ಉಳಿದಿರುವ ಗೆರೆಯನ್ನು ಕಲಾವಿದರು ಉಳಿಯಲೆಂದೇ ಬಿಟ್ಟಿದ್ದಾರೆ, ಅಥವಾ ಉಳಿದರೂ ಚಿಂತೆಯಿಲ್ಲ ಎಂದುಕೊಂಡಿದ್ದಾರೆ.

ಗೌರಿ ಹೂವಿನ ಚಿತ್ರಕ್ಕೆ ಇದನ್ನು ಅನ್ವಯಿಸಿ. ಅದರ ಆರು ಎಸಳುಗಳು ಹಿಂದಕ್ಕೆ ಬಾಗಿ ಮೇಲ್ಮುಖವಾಗಿ ನಿಲ್ಲುತ್ತವೆ, ಅಂಚುಗಳು ಅಲೆಅಲೆಯಾಗಿರುತ್ತವೆ. ಕೈ ಪಳಗದವರು ಈ ಅಲೆಗಳನ್ನು ಒಂದೇ ಅಳತೆಯಲ್ಲಿ, ಸೀರೆಯ ಜರಿಯಂಚಿನಂತೆ, ಬರೆದುಬಿಡುತ್ತಾರೆ. ಹೂವನ್ನು ನೋಡುತ್ತ ಬರೆದವರ ಗೆರೆಯಲ್ಲಿ ಪ್ರತಿ ಅಲೆಯೂ ಬೇರೆ: ನಮ್ಮ ಕಡೆಗೆ ಬಾಗಿದ ಅಂಚು ಅಗಲವಾಗಿ, ಆಚೆಗೆ ತಿರುಗಿದ ಅಂಚು ಬರೀ ಒಂದು ಗೀರಾಗಿ, ನಡುವೆ ಎಲ್ಲೋ ಎಸಳಿನ ಹಿಂಬದಿ ಇಣುಕಿದಂತೆ ಇರುತ್ತದೆ. ಬೆಳಕು ಬೀಳುವ ಬದಿಯಲ್ಲಿ ಗೆರೆ ತೆಳುವಾಗುತ್ತ ಒಂದೆಡೆ ಪೂರ್ತಿ ನಿಂತು, ಸ್ವಲ್ಪ ಮುಂದೆ ಮತ್ತೆ ಆರಂಭವಾಗಬಹುದು. ಹೀಗೆ ಗೆರೆ ತಪ್ಪಿದ ಜಾಗವನ್ನು ನಮ್ಮ ಕಣ್ಣು ತುಂಬಿಕೊಳ್ಳುವುದರಿಂದಲೇ ಎಸಳು ಕಾಗದಕ್ಕೆ ಅಂಟದೆ ಗಾಳಿಯಲ್ಲಿ ನಿಂತಂತೆ ತೋರುತ್ತದೆ. ಎಲ್ಲೂ ಮುರಿಯದೆ, ಎಲ್ಲೆಡೆ ಒಂದೇ ದಪ್ಪದಲ್ಲಿ ಸಾಗಿದ ಗೆರೆ ಕಂಡರೆ ಚಿತ್ರವನ್ನು ಫೋಟೋದಿಂದ ಅಚ್ಚೆತ್ತಿರುವ ಸಾಧ್ಯತೆಯನ್ನು ನಾನು ಮೊದಲು ಯೋಚಿಸುತ್ತೇನೆ. ಅದು ಅಪರಾಧವೇನಲ್ಲ; ಆದರೆ ಅಲ್ಲಿ ಓದಲು ಹೆಚ್ಚೇನೂ ಉಳಿದಿರುವುದಿಲ್ಲ.

ಮೊದಲ ಲೇಪ, ಅಂಚುಗಳು, ಪದರಗಳು

ಈಗ ಬಣ್ಣಕ್ಕೆ ಬನ್ನಿ, ಆದರೆ ಯಾವ ಬಣ್ಣ ಎಂದು ಕೇಳುವ ಮೊದಲು ಅದರ ಅಂಚು ಎಂಥದು ಎಂದು ಕೇಳಿ. ಜಲವರ್ಣದ ತಂತ್ರವೆಲ್ಲ ಅಂಚಿನಲ್ಲಿ ಬಯಲಾಗುತ್ತದೆ.

ಒಣಗಿದ ಕಾಗದದ ಮೇಲೆ ನೀರಾದ ಬಣ್ಣವನ್ನು ಇಟ್ಟು ಹಾಗೆಯೇ ಒಣಗಲು ಬಿಟ್ಟರೆ ಅದರ ಸುತ್ತ ಗಾಢವಾದ ತೆಳು ಗೆರೆಯೊಂದು ಮೂಡುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಕಲೆಯ ಅಂಚು ಕಪ್ಪಾಗಿ ನಡುಭಾಗ ತಿಳಿಯಾಗಿ ಉಳಿಯುವುದಕ್ಕೂ ಇದಕ್ಕೂ ಕಾರಣ ಒಂದೇ. ಹನಿಯ ಅಂಚು ಕದಲದೆ ನಿಂತಿರುವಾಗ ಅಲ್ಲಿ ನೀರು ಬೇಗ ಆವಿಯಾಗುತ್ತದೆ, ಆ ಕೊರತೆ ತುಂಬಲು ನಡುವಿನ ನೀರು ಹೊರಕ್ಕೆ ಹರಿಯುತ್ತದೆ, ಹರಿಯುವಾಗ ಬಣ್ಣದ ಕಣಗಳನ್ನೂ ಹೊತ್ತೊಯ್ಯುತ್ತದೆ. ಎಸಳಿನ ಹೊರ ಅಂಚಿನಲ್ಲಿ ಇಂಥ ಗೆರೆ ಕಂಡರೆ ಕಲಾವಿದರು ಅಲ್ಲಿ ಬಣ್ಣವನ್ನು ಒಂದೇ ಬಾರಿ ಇಟ್ಟು ಮತ್ತೆ ಮುಟ್ಟಿಲ್ಲ ಎಂದು ತಿಳಿಯಬಹುದು. ಪೆನ್ಸಿಲ್ ಗೆರೆ ನಿಂತುಹೋದ ಜಾಗದಲ್ಲಿ ಎಷ್ಟೋ ವೇಳೆ ಈ ಬಣ್ಣದ ಅಂಚೇ ಗೆರೆಯ ಕೆಲಸ ಮಾಡುತ್ತಿರುತ್ತದೆ.

ಇದಕ್ಕೆ ವಿರುದ್ಧವಾದದ್ದು ಕರಗಿದ ಅಂಚು. ಒದ್ದೆ ಕಾಗದದ ಮೇಲೆ ಬಣ್ಣ ಬಿಟ್ಟಾಗ ಅದು ಗಡಿಯಿಲ್ಲದೆ ಹರಡಿಕೊಳ್ಳುತ್ತದೆ. ಗೌರಿ ಹೂವಿಗೆ ಈ ತಂತ್ರ ಹೇಳಿ ಮಾಡಿಸಿದಂತಿದೆ, ಏಕೆಂದರೆ ಅದರ ಎಸಳು ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ಎರಡರ ನಡುವೆ ಗಡಿಯಿಲ್ಲ. ಮೊದಲು ಇಡೀ ಎಸಳಿಗೆ ತೆಳು ಹಳದಿ ಹಾಕಿ, ಅದು ಇನ್ನೂ ಒದ್ದೆಯಿರುವಾಗ ತುದಿಯಿಂದ ಕೆಂಪನ್ನು ಬಿಟ್ಟರೆ ನಡುವಿನ ಕಿತ್ತಳೆ ತಾನಾಗಿ ಹುಟ್ಟುತ್ತದೆ. ಹಳದಿ ಒಣಗಿದ ಮೇಲೆ ಕೆಂಪು ಹಾಕಿದ್ದರೆ ಎರಡರ ನಡುವೆ ಒಂದು ಮೆಟ್ಟಿಲು ಕಾಣುತ್ತದೆ. ಎರಡರಲ್ಲಿ ಯಾವುದಾಗಿದೆ ಎಂದು ಕಂಡುಹಿಡಿಯುವುದೇ ಈ ಹಂತದ ಕೆಲಸ. ಕೆಲವೊಮ್ಮೆ ಮುಕ್ಕಾಲು ಒಣಗಿದ ಬಣ್ಣದ ಮೇಲೆ ಹೆಚ್ಚು ನೀರಿನ ಹನಿ ಬಿದ್ದು, ಹೂಕೋಸಿನ ಅಂಚಿನಂತೆ ಸುರುಳಿಸುರುಳಿಯಾದ ಕಲೆ ಉಳಿದಿರುತ್ತದೆ. ಅದನ್ನು ಕೂಡಲೇ ದೋಷವೆಂದು ಬರೆದುಕೊಳ್ಳಬೇಡಿ. ಹುಳು ತಿಂದ ಎಲೆ, ಕೊಳೆಯತೊಡಗಿದ ಅಣಬೆಯ ಟೋಪಿ ಇವುಗಳಲ್ಲಿ ಬೇಕೆಂದೇ ಆ ಕಲೆಯನ್ನು ಬರಮಾಡಿಕೊಳ್ಳುವವರಿದ್ದಾರೆ. ಅದು ವಸ್ತುವಿಗೆ ಒಪ್ಪುತ್ತದೆಯೇ ಎಂಬುದಷ್ಟೇ ಅಳತೆಗೋಲು.

ಪದರಗಳನ್ನು ಎಣಿಸಲು ಎರಡು ಲೇಪಗಳು ಒಂದರ ಮೇಲೊಂದು ಬಿದ್ದ ಜಾಗವನ್ನು ಹುಡುಕಿ. ಅಲ್ಲಿ ಮೂರನೆಯ ಛಾಯೆಯೊಂದು ಕಾಣುತ್ತದೆ. ಯಾವ ಅಂಚು ಅಖಂಡವಾಗಿ ಮೇಲೆ ಸಾಗಿದೆಯೋ ಆ ಲೇಪ ನಂತರದ್ದು. ಇದನ್ನು ಕಲಿಯಲು ಫ್ರಾನ್ಸಿನ ಪಾಲ್ ಸೆಜಾನ್ ಅವರ ಕೊನೆಯ ವರ್ಷಗಳ ಜಲವರ್ಣಗಳಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಪೆನ್ಸಿಲ್ ಗೆರೆಗಳ ಸುತ್ತ ಅವರು ಬಣ್ಣದ ಸಣ್ಣ ತೇಪೆಗಳನ್ನು ಇಡುತ್ತಿದ್ದರು. ನೆರಳಿನಿಂದ ಆರಂಭಿಸಿ, ಒಂದು ತೇಪೆಯನ್ನು ಮೀರುವ ಇನ್ನೊಂದನ್ನು, ಅದನ್ನೂ ಮೀರುವ ಮತ್ತೊಂದನ್ನು ಹಾಕುತ್ತ ಹೋಗುತ್ತಿದ್ದರೆಂದು 1904ರಲ್ಲಿ ಅವರ ಕೆಲಸವನ್ನು ಹತ್ತಿರದಿಂದ ಕಂಡ ಕಲಾವಿದ ಎಮಿಲ್ ಬೆರ್ನಾರ್ ದಾಖಲಿಸಿದ್ದಾರೆ. ತೇಪೆಗಳ ನಡುವೆ ಕಾಗದ ಧಾರಾಳವಾಗಿ ಬಿಟ್ಟಿರುವುದರಿಂದ ಪ್ರತಿಯೊಂದನ್ನೂ ಬಿಡಿಯಾಗಿ ಗುರುತಿಸಬಹುದು.

ಈ ಓದು ಎಲ್ಲ ಜಲವರ್ಣಕ್ಕೂ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಕಲ್ಕತ್ತೆಯಲ್ಲಿ ಅಬನೀಂದ್ರನಾಥ ಟ್ಯಾಗೋರ್ ಅವರು ಜಪಾನೀ ಕಲಾವಿದರ ಸಂಪರ್ಕದಿಂದ ರೂಪಿಸಿಕೊಂಡ ‘ವಾಶ್’ ಪದ್ಧತಿಯಲ್ಲಿ ಬಣ್ಣ ಹಾಕಿದ ಕಾಗದವನ್ನು ಮತ್ತೆಮತ್ತೆ ನೀರಿನಲ್ಲಿ ನೆನೆಸುತ್ತಿದ್ದರು. ಅಂಚುಗಳೆಲ್ಲ ಮಂಜಿನಲ್ಲಿ ಕರಗಿದಂತಾಗಿ, ಯಾವುದು ಮೊದಲು ಯಾವುದು ನಂತರ ಎಂಬುದು ತಿಳಿಯುವುದಿಲ್ಲ. ಅವರ ಶಿಷ್ಯರಾಗಿದ್ದ, ಮೈಸೂರಿನ ಕೆ. ವೆಂಕಟಪ್ಪನವರ (1886–1965) ಊಟಿಯ ದೃಶ್ಯಗಳಲ್ಲಿ ಮೋಡ ಮತ್ತು ಬೆಟ್ಟದ ಏಣುಗಳ ಅಂಚುಗಳನ್ನು ಇದೇ ಪ್ರಶ್ನೆಯೊಂದಿಗೆ ನೋಡಿ: ಯಾವುದು ಕರಗಿದೆ, ಯಾವುದನ್ನು ಕರಗಲು ಬಿಟ್ಟಿಲ್ಲ? ಅವರ ಚಿತ್ರಗಳ ಸಂಗ್ರಹ ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರದೇ ಹೆಸರಿನ ಗ್ಯಾಲರಿಯಲ್ಲಿದೆ.

ಬಣ್ಣ

ಅಂಚು ತಿಳಿದ ಮೇಲೆ ಬಣ್ಣವನ್ನು ನೋಡುವುದು ಸುಲಭ. ಹಸಿರಿನಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಪ್ರಕೃತಿಚಿತ್ರಗಳು ಹೆಚ್ಚಾಗಿ ಸೋಲುವುದು ಹಸಿರಿನಲ್ಲೇ. ಟ್ಯೂಬಿನಿಂದ ನೇರವಾಗಿ ತೆಗೆದ ಹಸಿರು ಎಲೆಯ ತುಂಬ ಒಂದೇ ಆಗಿರುತ್ತದೆ. ನೀಲಿ ಮತ್ತು ಹಳದಿಯನ್ನು ಬೆರೆಸಿದ ಹಸಿರು ಒಂದು ಕಡೆ ನೀಲಿಗೆ, ಇನ್ನೊಂದು ಕಡೆ ಹಳದಿಗೆ ವಾಲುತ್ತದೆ. ಆಕಾಶದ ಬೆಳಕು ಪ್ರತಿಫಲಿಸುವ ಎಲೆಯ ಮೇಲ್ಮೈ ನೀಲಿಯ ಕಡೆಗೂ, ಬಿಸಿಲು ಹಾದುಬರುವ ಎಲೆ ಹಳದಿಯ ಕಡೆಗೂ ಇರುವುದನ್ನು ಹಿತ್ತಲಿನ ಬಾಳೆ ಎಲೆಯಲ್ಲೇ ಕಾಣಬಹುದು. ನೆರಳಿನಲ್ಲಿ ಕಪ್ಪನ್ನು ಬೆರೆಸಿದ್ದಾರೆಯೇ, ಅಥವಾ ಹಸಿರಿಗೆ ತುಸು ಕೆಂಪನ್ನು ಸೇರಿಸಿ ತಗ್ಗಿಸಿದ್ದಾರೆಯೇ ಎಂಬುದು ಮುಂದಿನ ಪ್ರಶ್ನೆ. ಕಪ್ಪು ಬೆರೆತ ನೆರಳು ಮಸಿ ಮೆತ್ತಿದಂತೆ ಮಂಕಾಗಿರುತ್ತದೆ.

ಕೆಲವು ಬಣ್ಣಗಳು ಹರಳುಹರಳಾಗಿ ಕಾಗದದ ತಗ್ಗುಗಳಲ್ಲಿ ಕೂರುತ್ತವೆ. ಅಲ್ಟ್ರಾಮರೀನ್ ನೀಲಿ ಇದಕ್ಕೆ ಪ್ರಸಿದ್ಧ. ಭೂತಗನ್ನಡಿಯಲ್ಲಿ ನೋಡಿದರೆ ಬಂಡೆಯ ಮೇಲಿನ ಹಾವಸೆಗೆ, ಅಣಬೆಯ ಒರಟು ಟೋಪಿಗೆ ಈ ತರಿಯನ್ನು ಕಲಾವಿದರು ಹೇಗೆ ಬಳಸಿಕೊಂಡಿದ್ದಾರೆಂಬುದು ತಿಳಿಯುತ್ತದೆ.

ಬಿಳಿಯ ಬಗ್ಗೆ ಎಚ್ಚರವಿರಲಿ. ಉಳಿಸಿದ ಕಾಗದದ ಬಿಳಿ, ಒದ್ದೆ ಕುಂಚದಿಂದ ಬಣ್ಣವನ್ನು ಎತ್ತಿ ತೆಗೆದ ಬಿಳಿ, ಚಾಕುವಿನಿಂದ ಕೆರೆದ ಬಿಳಿ, ಮೇಲೆ ಹಚ್ಚಿದ ಅಪಾರದರ್ಶಕ ಬಿಳಿ ಎಂದು ಇದರಲ್ಲಿ ನಾಲ್ಕು ಬಗೆ. ಕೊನೆಯದು ಸುಣ್ಣದಂತೆ ಮೈಮೇಲೆ ಕುಳಿತಿರುತ್ತದೆ. ಲಂಡನ್ನಿನ ಬಣ್ಣದ ಕಂಪನಿ ವಿನ್ಸರ್ ಅಂಡ್ ನ್ಯೂಟನ್ 1834ರಲ್ಲಿ ‘ಚೈನೀಸ್ ವೈಟ್’ ಎಂಬ ಸತುವಿನ ಬಿಳಿಯನ್ನು ಮಾರುಕಟ್ಟೆಗೆ ತಂದ ಮೇಲೆ ಅದರ ಬಳಕೆ ಹೆಚ್ಚಿತು. ಶುದ್ಧ ಜಲವರ್ಣದ ಪಕ್ಷಪಾತಿಗಳು ಅದನ್ನು ಕಂಡರೆ ಮುಖ ಸಿಂಡರಿಸುತ್ತಾರೆ. ಆ ಮಡಿವಂತಿಕೆಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಹಕ್ಕಿಯ ಕಣ್ಣಿನೊಳಗಿನ ಸೂಜಿಮೊನೆಯಷ್ಟು ಹೊಳಪನ್ನು ಕಾಗದ ಉಳಿಸಿ ತೋರಿಸುವುದು ಎಲ್ಲ ಕೈಗಳಿಗೂ ಆಗುವುದಲ್ಲ.

ವಸ್ತುವಿನೊಂದಿಗೆ ತಾಳೆ ನೋಡುವುದು

ಪ್ರಕೃತಿಚಿತ್ರವೆಂದ ಮೇಲೆ ಅದು ಪ್ರಕೃತಿಗೆ ಎಷ್ಟು ನಿಷ್ಠವಾಗಿದೆ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ನಾಜೂಕುತನವೂ ನಿಖರತೆಯೂ ಬೇರೆಬೇರೆ ಗುಣಗಳೆಂದು ಹಲವರು ತಿಳಿದಿದ್ದಾರೆ. ಒಳ್ಳೆಯ ಚಿತ್ರಗಳಲ್ಲಿ ಅವು ಒಂದೇ ಗೆರೆಯಲ್ಲಿ ಇರುತ್ತವೆ.

ಗೌರಿ ಹೂವಿನಲ್ಲಿ ಪರೀಕ್ಷಿಸಲು ಎರಡು ಜಾಗಗಳಿವೆ. ಎಲೆಯ ತುದಿ ಉದ್ದಕ್ಕೆ ಎಳೆದಂತಾಗಿ ಸುರುಳಿ ಸುತ್ತಿ ಪಕ್ಕದ ಗಿಡವನ್ನು ಹಿಡಿಯುತ್ತದೆ. ಬಳ್ಳಿ ಬೇಲಿ ಹತ್ತುವುದು ಹೀಗೆಯೇ. ಕಾಂಡದಿಂದ ಪ್ರತ್ಯೇಕವಾಗಿ ಸುರುಳಿಗಳು ಹೊರಟಂತೆ ಬರೆದಿದ್ದರೆ ಅದು ನೆನಪಿನಿಂದ ಬರೆದ ಚಿತ್ರ. ಇನ್ನೊಂದು ಇದಕ್ಕಿಂತ ಸೂಕ್ಷ್ಮ: ಹೂವಿನ ನಡುವಿನ ಅಂಡಾಶಯದಿಂದ ಹೊರಟ ಶಲಾಕೆ, ಅಂದರೆ ತುದಿಯಲ್ಲಿ ಪರಾಗ ಹಿಡಿಯುವ ತೆಳು ಕಡ್ಡಿ, ಬುಡದಲ್ಲೇ ಹೆಚ್ಚುಕಡಿಮೆ ಲಂಬಕೋನದಲ್ಲಿ ಪಕ್ಕಕ್ಕೆ ತಿರುಗಿರುತ್ತದೆ. ಬಹಳಷ್ಟು ಹೂವುಗಳಲ್ಲಿ ಅದು ನೇರವಾಗಿರುವುದರಿಂದ, ಅಭ್ಯಾಸಬಲದ ಕೈ ಇಲ್ಲಿಯೂ ನೇರವಾಗಿಯೇ ಎಳೆಯುತ್ತದೆ. ಆ ತಿರುವನ್ನು ಪೆನ್ಸಿಲಿನಲ್ಲಿ ಸರಿಯಾಗಿ ಹಿಡಿದು, ಅದರ ಒಂದು ಬದಿಗೆ ಮಾತ್ರ ತಿಳಿಹಸಿರು ಸೋಕಿಸಿ ಬಿಟ್ಟವರು ಹೂವಿನ ಮುಂದೆ ಕುಳಿತಿದ್ದರು ಎಂಬುದರಲ್ಲಿ ಸಂದೇಹ ಬೇಡ.

ಪಾಟರ್ ಅವರ ಅಣಬೆಗಳು ಈ ವಿಷಯದಲ್ಲಿ ಕಣ್ಣು ತೆರೆಸುತ್ತವೆ. ಸ್ಕಾಟ್ಲೆಂಡಿನ ಪರ್ತ್‌ಶೈರ್‌ನಲ್ಲಿ ಚಾರ್ಲ್ಸ್ ಮೆಕಿಂಟಾಷ್ ಎಂಬ ಅಂಚೆಯಾಳು ಸ್ವಂತ ಆಸಕ್ತಿಯಿಂದ ಅಣಬೆ, ಪಾಚಿಗಳ ತಜ್ಞರಾಗಿದ್ದರು. 1892ರಲ್ಲಿ ಇಬ್ಬರ ಭೇಟಿಯಾದ ಬಳಿಕ ಮೆಕಿಂಟಾಷ್ ಅಣಬೆಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದರು, ಪಾಟರ್ ತಾವು ಬರೆದ ಚಿತ್ರದ ಪ್ರತಿಯನ್ನು ಅವರಿಗೆ ಕಳುಹಿಸುತ್ತಿದ್ದರು. ಟೋಪಿಯ ಅಡಿಯ ಪದರಗಳನ್ನೂ ಸೀಳಿದ ಅಣಬೆಯ ಒಳಭಾಗವನ್ನೂ ತೋರಿಸಬೇಕೆಂದು ಮೆಕಿಂಟಾಷ್ ಸಲಹೆ ಕೊಟ್ಟ ಮೇಲೆ ಪಾಟರ್ ಅವರ ಹಾಳೆಗಳ ಸ್ವರೂಪವೇ ಬದಲಾಯಿತು: ನಡುವೆ ನಿಂತ ಅಣಬೆ, ಪಕ್ಕದಲ್ಲಿ ಮಗುಚಿ ಹಾಕಿದ್ದೊಂದು, ಸೀಳಿದ್ದೊಂದು, ಅಡಿಯಲ್ಲಿ ಊರು ಮತ್ತು ದಿನಾಂಕ. ಇಂಥ ಹಾಳೆಯಲ್ಲಿ ಟೋಪಿಯ ಅಡಿಯ ಪದರಗಳನ್ನು ಒಂದು ಕಡೆಯಿಂದ ನಿಧಾನವಾಗಿ ಅನುಸರಿಸಿ. ಕೆಲವು ಪದರಗಳು ಅಂಚಿನಿಂದ ಹೊರಟು ಕಾಂಡ ಮುಟ್ಟುತ್ತವೆ, ಕೆಲವು ಅರ್ಧದಲ್ಲೇ ನಿಲ್ಲುತ್ತವೆ. ನಿಜವಾದ ಅಣಬೆಯಲ್ಲೂ ಹಾಗೆಯೇ. 1897ರಲ್ಲಿ ಅಣಬೆ ಬೀಜಕಣಗಳ ಮೊಳೆಯುವಿಕೆ ಕುರಿತು ಪಾಟರ್ ಬರೆದ ಪ್ರಬಂಧವನ್ನು ಜೀವವಿಜ್ಞಾನಿಗಳ ಸಂಘವಾದ ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಬೇರೊಬ್ಬರು ಮಂಡಿಸಬೇಕಾಯಿತು, ಏಕೆಂದರೆ ಅಲ್ಲಿನ ಸಭೆಗೆ ಮಹಿಳೆಯರಿಗೆ ಪ್ರವೇಶವಿರಲಿಲ್ಲ. ಚಿತ್ರಗಳ ಯೋಗ್ಯತೆ ಮಾತ್ರ ಉಳಿಯಿತು: 1967ರಲ್ಲಿ ಪ್ರಕಟವಾದ ಅಣಬೆಗಳ ಕೈಪಿಡಿಯೊಂದು ಅವರ 59 ಚಿತ್ರಗಳನ್ನು ಬಳಸಿಕೊಂಡಿತು.

ನಮ್ಮ ನಾಡಿನಲ್ಲೂ ಇಂಥ ಕೆಲಸ ನಡೆದಿದೆ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯರಾಗಿದ್ದ ಹ್ಯೂ ಕ್ಲೆಗಾರ್ನ್ ಮರಾಠಿ ಕಲಾವಿದರೊಬ್ಬರಿಂದ ಸುತ್ತಮುತ್ತಲಿನ ಗಿಡಗಳ ಚಿತ್ರಗಳನ್ನು ಬರೆಸಿದರು. ಅವು ಇಂದು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಬರೆಸಿದವರ ಹೆಸರು ಸಂಗ್ರಹಕ್ಕೆ ಬಂದಿದೆ, ಬರೆದವರದು ಬಂದಿಲ್ಲ. ಅದೇ ಕಾಲದಲ್ಲಿ ಮದರಾಸು ಪ್ರಾಂತ್ಯದಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಅವರಿಗಾಗಿ ಬರೆಯುತ್ತಿದ್ದ ರಂಗಯ್ಯ ಮತ್ತು ಗೋವಿಂದು ಅವರ ಹೆಸರುಗಳು ಉಳಿದಿವೆ. ಒಂದು ಆರ್ಕಿಡ್ ಕುಲಕ್ಕೆ ವೈಟ್ ಅವರು ಗೋವಿಂದು ಅವರ ಹೆಸರನ್ನೇ ಇಟ್ಟರು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಚೆಲುವಯ್ಯ ರಾಜು ಅವರು ಗಿಡಗಳ ಚಿತ್ರಗಳನ್ನು ಬರೆದರು. ಇಂಥ ಚಿತ್ರಗಳ ಮುಂದೆ ನಿಂತಾಗ ಸಸ್ಯಶಾಸ್ತ್ರಜ್ಞರ ಕಣ್ಣು ಯಾವುದನ್ನು ಬೇಡಿತು, ಕಲಾವಿದರ ಕೈ ಅದರ ಜೊತೆ ಯಾವುದನ್ನು ಸೇರಿಸಿತು ಎಂದು ಎರಡನ್ನೂ ಬೇರ್ಪಡಿಸಿ ನೋಡುವುದು ಫಲಕಾರಿ.

ಕೈ ನಿಂತ ಜಾಗ

ಈಗ ಬಣ್ಣವಿಲ್ಲದ ಭಾಗಗಳಿಗೆ ಬನ್ನಿ. ಒಂದು ಎಲೆಗೆ ಪೂರ್ತಿ ಬಣ್ಣ, ಪಕ್ಕದ್ದಕ್ಕೆ ಅರ್ಧ, ಉಳಿದವು ಬರೀ ಗೆರೆ. ಇದನ್ನು ಅಪೂರ್ಣವೆಂದು ತಿಳಿಯುವ ಮೊದಲು ಕಾರಣವನ್ನು ಊಹಿಸಿ. ಕಿತ್ತ ಹೂವು ಬಾಡುವ ಮುಂಚೆ ಮುಗಿಸಬೇಕಾದ ಅವಸರದಲ್ಲಿ ಒಂದೇ ಎಲೆಯಲ್ಲಿ ಬಣ್ಣವನ್ನು ದಾಖಲಿಸಿ ಮಿಕ್ಕವನ್ನು ಗೆರೆಗೆ ಬಿಡುವುದು ಸಸ್ಯಚಿತ್ರಕಾರರ ಹಳೆಯ ಮಿತವ್ಯಯ. ಕೆಲವೆಡೆ ಗೆರೆಯ ಪಕ್ಕದಲ್ಲಿ ‘ಇಲ್ಲಿ ನೇರಳೆ’ ಎಂಬಂಥ ಪೆನ್ಸಿಲ್ ಟಿಪ್ಪಣಿಯೂ ಇರಬಹುದು. ಇನ್ನು ಕೆಲವರು ನೋಡುಗರ ಕಣ್ಣು ಒಂದೇ ಕಡೆ ನಿಲ್ಲಲೆಂದು ಉಳಿದುದನ್ನು ಬೇಕೆಂದೇ ಬಿಡುತ್ತಾರೆ. ಎರಡನ್ನೂ ಪ್ರತ್ಯೇಕಿಸುವ ಒಂದು ಸುಳಿವಿದೆ: ಅವಸರದಲ್ಲಿ ಬಿಟ್ಟಿದ್ದರೆ ಬಣ್ಣ ಎಲೆಯ ಅಂಚಿನಲ್ಲೋ ನರದಲ್ಲೋ ತಟ್ಟನೆ ನಿಲ್ಲುತ್ತದೆ, ಬೇಕೆಂದೇ ಬಿಟ್ಟಿದ್ದರೆ ಬಣ್ಣ ತೆಳುವಾಗುತ್ತ, ಗೆರೆಯೂ ಅದರೊಂದಿಗೆ ಹಗುರಾಗುತ್ತ, ಎರಡೂ ಒಟ್ಟಿಗೆ ಕಾಗದದಲ್ಲಿ ಇಲ್ಲವಾಗುತ್ತವೆ. ಈ ಸುಳಿವು ಯಾವಾಗಲೂ ನಿಜವೆಂದು ಹೇಳಲಾರೆ, ಆದರೆ ಬಹಳ ಸಲ ಉಪಯೋಗಕ್ಕೆ ಬರುತ್ತದೆ.

ಕಾಲ ಮಾಡಿದ ಬದಲಾವಣೆ

ಹಳೆಯ ಚಿತ್ರವಾದರೆ ನೀವು ನೋಡುತ್ತಿರುವುದು ಕಲಾವಿದರು ಬಿಟ್ಟುಹೋದ ಚಿತ್ರವೇ ಅಲ್ಲದಿರಬಹುದು. ಕಾರ್ಮೈನ್‌ನಂಥ ಕೆಂಪು, ಮರದ ಹಾಲಿನಿಂದ ಬರುವ ಗ್ಯಾಂಬೋಜ್ ಹಳದಿ, ನೀಲಿಗಿಡದ ನೀಲಿ ಇವೆಲ್ಲ ಬೆಳಕಿಗೆ ಮಾಸುವಂಥವು. 1888ರಲ್ಲಿ ಬ್ರಿಟನ್ನಿನಲ್ಲಿ ರಸೆಲ್ ಮತ್ತು ಅಬ್ನಿ ಎಂಬ ವಿಜ್ಞಾನಿಗಳು ಜಲವರ್ಣಗಳ ಮೇಲೆ ಬೆಳಕಿನ ಪರಿಣಾಮದ ಬಗ್ಗೆ ವರದಿ ಕೊಟ್ಟ ಮೇಲೆ ಈ ವಿಷಯ ಚರ್ಚೆಯಿಂದಾಚೆಗೆ ಹೋಯಿತು. ಹಸಿರನ್ನು ಹಳದಿ ಮತ್ತು ನೀಲಿ ಬೆರೆಸಿ ಮಾಡಿದ್ದರೆ, ಹಳದಿ ಮಾಸಿದಾಗ ಎಲೆಗಳೆಲ್ಲ ನೀಲಿಯಾಗಿ ಕಾಣುತ್ತವೆ; ಆ ನೀಲಿ ಎಲೆಗಳನ್ನು ಕಲಾವಿದರ ಕಲ್ಪನೆಯೆಂದು ಹೊಗಳುವ ಮೊದಲು ಚೌಕಟ್ಟಿನ ರಟ್ಟಿನಡಿ ಮುಚ್ಚಿಹೋಗಿದ್ದ ಅಂಚನ್ನು ನೋಡಲು ಸಾಧ್ಯವೇ ಎಂದು ವಿಚಾರಿಸಿ. ಬೆಳಕು ತಾಗದ ಆ ಪಟ್ಟಿಯಲ್ಲಿ ಮೂಲ ಬಣ್ಣ ಉಳಿದಿರುವುದುಂಟು. ತೇವದಿಂದ ಬರುವ ಕಂದು ಚುಕ್ಕೆಗಳು, ಆಮ್ಲಯುಕ್ತ ರಟ್ಟು ತಾಗಿ ಮೂಡಿದ ಕಂದು ಪಟ್ಟಿ, ಹುಳು ಕೆರೆದ ಜಾಗ ಇವುಗಳನ್ನೂ ಗುರುತಿಸಲು ಕಲಿತರೆ ಕಲಾವಿದರ ಕೆಲಸವನ್ನು ಕಾಲದ ಕೆಲಸದಿಂದ ಬೇರ್ಪಡಿಸಬಹುದು.

ಪರದೆಯ ಮೇಲೆ ನೋಡುವವರಿಗೆ ಒಂದು ಮಾತು. ಹಿಗ್ಗಿಸಿ ನೋಡುವ ಅನುಕೂಲ ಅಲ್ಲಿ ಹೆಚ್ಚು, ಆದರೆ ಗ್ರಾಫೈಟಿನ ಮಿನುಗು, ಕಾಗದದ ಮೈ ಮತ್ತು ಚಿತ್ರದ ನಿಜವಾದ ಗಾತ್ರ ಮೂರೂ ಕಳೆದುಹೋಗುತ್ತವೆ. ಗಾತ್ರವನ್ನು ಸೆಂಟಿಮೀಟರ್‌ನಲ್ಲಿ ಕೊಟ್ಟಿರುತ್ತಾರೆ. ಅಷ್ಟಗಲದ ಕಾಗದವೊಂದನ್ನು ಕತ್ತರಿಸಿ ಪಕ್ಕದಲ್ಲಿಟ್ಟುಕೊಂಡು ನೋಡಿ.

ಕೊನೆಯ ಹೆಜ್ಜೆ: ಒಂದು ಮೂಲೆಯನ್ನು ಬರೆಯುವುದು

ಚಿತ್ರ ಬಿಡಿಸಲು ಬಾರದವರೂ ಇದನ್ನು ಮಾಡಬಹುದು. ಫಲಿತಾಂಶವನ್ನು ಯಾರಿಗೂ ತೋರಿಸಬೇಕಾಗಿಲ್ಲ. ಇಡೀ ಚಿತ್ರದ ಗೊಡವೆ ಬೇಡ. ಎರಡು ಅಂಗುಲದ ಒಂದು ಭಾಗವನ್ನು, ಒಂದು ಎಲೆಯ ತುದಿಯನ್ನೋ ಒಂದು ಎಸಳಿನ ಅಂಚನ್ನೋ, ಆರಿಸಿಕೊಳ್ಳಿ. ಸಂಗ್ರಹಾಲಯದಲ್ಲಿ ಬಣ್ಣಕ್ಕೆ ಅವಕಾಶವಿರುವುದಿಲ್ಲವಾದ್ದರಿಂದ ಅಲ್ಲಿ ಗೆರೆಯನ್ನಷ್ಟೇ ಎಚ್‌ಬಿ ಪೆನ್ಸಿಲಿನಲ್ಲಿ ಬರೆದುಕೊಂಡು, ಮನೆಯಲ್ಲಿ ಒಳ್ಳೆಯ ಮುದ್ರಿತ ಪ್ರತಿಯನ್ನು ಎದುರಿಟ್ಟುಕೊಂಡು ಬಣ್ಣ ಹಾಕಿ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಇದ್ದರೆ ನೀರಿಗೆ ಹೆಚ್ಚು ಸುರುಟಿಕೊಳ್ಳುವುದಿಲ್ಲ. ಒಂದು ಹಳದಿ, ಒಂದು ಕೆಂಪು, ಒಂದು ನೀಲಿ, ಮೊನೆ ಕೂಡುವ ಒಂದು ದುಂಡು ಕುಂಚ ಸಾಕು. ಬಣ್ಣ ಒಣಗಿದಾಗ ಒದ್ದೆಯಿದ್ದುದಕ್ಕಿಂತ ತಿಳಿಯಾಗುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಮೊದಲ ಲೇಪವನ್ನು ಇಟ್ಟ ಕೂಡಲೇ ಒಂದು ಪ್ರಶ್ನೆ ಎದುರಾಗುತ್ತದೆ: ಈಗಲೇ ಎರಡನೆಯ ಬಣ್ಣವನ್ನು ಬಿಡಬೇಕೇ, ಒಣಗುವವರೆಗೆ ಕಾಯಬೇಕೇ? ಉತ್ತರಕ್ಕಾಗಿ ಮೂಲಚಿತ್ರದ ಅದೇ ಜಾಗದ ಅಂಚನ್ನು ಮತ್ತೆ ನೋಡಿ. ಇಷ್ಟು ಹೊತ್ತು ಕಣ್ಣಿಗೆ ಬೀಳದಿದ್ದ ಸಂಗತಿ, ಉದಾಹರಣೆಗೆ ಹಳದಿಯನ್ನು ಗೆರೆಗಿಂತ ಕೂದಲೆಳೆಯಷ್ಟು ಒಳಗೇ ನಿಲ್ಲಿಸಿ ಎಸಳಿಗೆ ಬಿಳಿಯ ಅಂಚು ಉಳಿಸಿರುವುದು, ಆಗ ಕಾಣುತ್ತದೆ. ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಚಿತ್ರದ ಹೆಸರು ಮತ್ತು ನೋಡಿದ ದಿನಾಂಕದೊಂದಿಗೆ ಬರೆದಿಟ್ಟುಕೊಂಡರೆ, ಅದೇ ಕಲಾವಿದರ ಇನ್ನೊಂದು ಚಿತ್ರ ಸಿಕ್ಕಾಗ ಆ ಬಿಳಿ ಅಂಚು ಅಲ್ಲಿಯೂ ಇದೆಯೇ ಎಂಬುದರಿಂದಲೇ ನೋಡಲು ಆರಂಭಿಸಬಹುದು.